ಮತವಿಲ್ಲದವರ ಚುನಾವಣೆ: ರಾಷ್ಟ್ರಪತಿ ಸ್ಪರ್ಧೆ ಮತ್ತು ಕೋಲಾರ ಸೀಮೆಯ ಮುಖಪುಟ

ಭಾರತದ ರಾಷ್ಟ್ರಪತಿಯ ಚುನಾವಣೆ ಊರುಗಳ ಬೀದಿಗೆ ಬಾರದ ಚುನಾವಣೆ. ಲೋಕಸಭೆಗೋ ವಿಧಾನಸಭೆಗೋ ಚುನಾವಣೆ ನಡೆದಾಗ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಗೋಡೆಗಳ ಮೇಲೆ ಪಕ್ಷಗಳ ಚಿಹ್ನೆಗಳು ಮೂಡುತ್ತಿದ್ದವು, ಗಾಡಿಗೆ ಧ್ವನಿವರ್ಧಕ ಕಟ್ಟಿಕೊಂಡು ಅಭ್ಯರ್ಥಿಯ ಹೆಸರನ್ನು ಕೂಗಿಕೊಂಡು ಹೋಗುತ್ತಿದ್ದರು, ಸಂತೆ ನಡೆಯುವ ಬಯಲಿನಲ್ಲಿ ರಾತ್ರಿ ಸಭೆ ಸೇರುತ್ತಿತ್ತು. ರಾಷ್ಟ್ರಪತಿಯ ಚುನಾವಣೆಯಲ್ಲಿ ಇವಾವುವೂ ಇರಲಿಲ್ಲ. ಏಕೆಂದರೆ ಅದರಲ್ಲಿ ಮತ ಹಾಕುವವರು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ, ಮತ್ತು ಇವರನ್ನೆಲ್ಲ ಒಳಗೊಂಡ ಮತದಾರ ಸಮೂಹವನ್ನೇ ಸಂವಿಧಾನದ ಭಾಷೆಯಲ್ಲಿ ಚುನಾಯಕ ಗಣ ಎನ್ನುತ್ತಾರೆ. ಮತವಿಲ್ಲದ ಜನರ ಬಳಿಗೆ ಯಾವ ಅಭ್ಯರ್ಥಿಯೂ ಕೈಮುಗಿದು ಬರುವುದಿಲ್ಲ. ಆದ್ದರಿಂದ ಈ ನಾಲ್ಕು ಊರುಗಳ ಸಾಮಾನ್ಯ ಓದುಗನ ಪಾಲಿಗೆ ರಾಷ್ಟ್ರಪತಿ ಚುನಾವಣೆಯ ಪ್ರಚಾರ ನಡೆದದ್ದು ಒಂದೇ ಒಂದು ಜಾಗದಲ್ಲಿ, ದಿನಪತ್ರಿಕೆಯ ಮುಖಪುಟದಲ್ಲಿ. ಅಲ್ಲಿ ಕಾಣದೇ ಹೋದದ್ದು ಅವನಿಗೆ ನಡೆಯಲೇ ಇಲ್ಲ ಎಂದರೂ ತಪ್ಪಾಗದು. ಉಳಿದ ಚುನಾವಣೆಗಳಲ್ಲಿ ಪತ್ರಿಕೆ ಕಂಡದ್ದನ್ನು ವರದಿ ಮಾಡುತ್ತಿತ್ತು, ಈ ಒಂದು ಚುನಾವಣೆಯನ್ನು ಮಾತ್ರ ಕಟ್ಟಿ ತೋರಿಸಬೇಕಾಗಿತ್ತು. ಆ ಕೆಲಸವನ್ನು ಅದು ಒಮ್ಮೆ ಬಹಳ ಚೆನ್ನಾಗಿ ಮಾಡಿತು, ಆಮೇಲೆ ಬಹುಮಟ್ಟಿಗೆ ಕೈಬಿಟ್ಟಿತು ಎಂಬುದು ಆ ಮುಖಪುಟಗಳನ್ನು ಓದುತ್ತ ಬೆಳೆದ ತಲೆಮಾರಿನ ಅನುಭವ.

1960ರ ದಶಕದಲ್ಲಿ ಬೆಂಗಳೂರಿನ ಪತ್ರಿಕೆ ಈ ಸೀಮೆಗೆ ಬರುತ್ತಿದ್ದ ದಾರಿಗಳನ್ನು ಇಲ್ಲಿ ಹೇಳಬೇಕು. ಮಾಲೂರು ಬೆಂಗಳೂರಿನಿಂದ ಮದರಾಸಿಗೆ ಹೋಗುವ ರೈಲುಮಾರ್ಗದ ಮೇಲೆಯೇ ಇದ್ದುದರಿಂದ ಅಲ್ಲಿಗೆ ಪತ್ರಿಕೆ ರೈಲಿನಲ್ಲಿ ಬರುತ್ತಿತ್ತು. ಕೋಲಾರಕ್ಕೂ ಮುಳಬಾಗಿಲಿಗೂ ಹಳೆಯ ಮದರಾಸು ರಸ್ತೆಯ ಬಸ್ಸುಗಳ ಮೇಲೆ ಕಟ್ಟುಗಳು ಬಂದು ಬೀಳುತ್ತಿದ್ದವು. ಮುಳಬಾಗಿಲಿಗಂತೂ ರೈಲೇ ಇರಲಿಲ್ಲ. ಶ್ರೀನಿವಾಸಪುರ, ಬಂಗಾರಪೇಟೆಯಿಂದ ಕೋಲಾರದ ಮೇಲೆ ಚಿಂತಾಮಣಿಯ ಕಡೆಗೆ ಹೋಗುತ್ತಿದ್ದ ಕಿರುಹಳಿ ರೈಲಿನ ಒಂದು ನಿಲ್ದಾಣವಾಗಿದ್ದರೂ ಆ ರೈಲಿನ ನಿಧಾನವನ್ನು ಬಲ್ಲವರು ಪತ್ರಿಕೆಗೆ ಬಸ್ಸನ್ನೇ ನಂಬುತ್ತಿದ್ದರು. ಹೀಗೆ ಹೊರ ಊರುಗಳಿಗೆ ಹೋಗುವ ಪ್ರತಿಗಳನ್ನು ನಗರದ ಪ್ರತಿಗಳಿಗಿಂತ ಮೊದಲೇ ಅಚ್ಚಿಗೆ ಕಳುಹಿಸುತ್ತಿದ್ದರು, ಅದಕ್ಕೆ ಡಾಕ್ ಆವೃತ್ತಿ ಎಂದು ಹೆಸರು. ಬೆಂಗಳೂರಿಗೆ 70 ಕಿಲೋಮೀಟರಿನಷ್ಟೇ ದೂರದಲ್ಲಿದ್ದ ಕೋಲಾರದವನೂ ನಡುರಾತ್ರಿಯ ಸುದ್ದಿಯನ್ನು ಕಳೆದುಕೊಂಡ ಪತ್ರಿಕೆಯನ್ನೇ ಓದುತ್ತಿದ್ದ. 1948ರಲ್ಲಿ ಆರಂಭವಾದ ಪ್ರಜಾವಾಣಿ, 1967ರಲ್ಲಿ ಹೊಸದಾಗಿ ಹೊರಟ ಕನ್ನಡಪ್ರಭ, ಸಂಯುಕ್ತ ಕರ್ನಾಟಕ ಇವು ಕನ್ನಡದಲ್ಲಿ ಓದಿಗೆ ಸಿಗುತ್ತಿದ್ದವು. ವಕೀಲರ ಮನೆಗಳಿಗೂ ಮೇಷ್ಟರುಗಳ ಕೊಠಡಿಗೂ ಡೆಕ್ಕನ್ ಹೆರಾಲ್ಡ್ ಮತ್ತು ದಿ ಹಿಂದೂ ಬರುತ್ತಿದ್ದವು. ತೆಲುಗಿನ ಆಂಧ್ರಪ್ರಭ ಅಲ್ಲೊಂದು ಇಲ್ಲೊಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕಾಣುತ್ತಿತ್ತು. ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಸುದ್ದಿಯನ್ನು ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಚರ್ಚಿಸುವುದು ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಕುಟುಂಬಗಳಿಗೆ ದಿನನಿತ್ಯದ ರೂಢಿಯಾಗಿತ್ತು.

ಆ ಕಾಲದ ಮುಖಪುಟವನ್ನು ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಕಟ್ಟುತ್ತಿದ್ದರು. ಸುದ್ದಿಸಂಸ್ಥೆಗಳ ಟೆಲಿಪ್ರಿಂಟರ್, ಅಂದರೆ ದೂರದಿಂದ ಬಂದ ಸಂದೇಶವನ್ನು ತಾನೇ ಕಾಗದದ ಮೇಲೆ ಬಡಿಯುವ ಯಂತ್ರ, ಇಂಗ್ಲಿಷಿನಲ್ಲಿ ಉಗುಳಿದ್ದನ್ನು ಉಪಸಂಪಾದಕರು ಕೂತಲ್ಲಿಯೇ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದರು, ಮತ್ತು ಹಾಗೆ ಬರೆದದ್ದನ್ನು ಒತ್ತಕ್ಷರಗಳ ತೊಡಕಿನ ನಡುವೆ ಮೊಳೆ ಜೋಡಿಸುವವರು ರಾತ್ರಿಯೊಳಗೆ ಪುಟವಾಗಿಸಬೇಕಾಗಿತ್ತು. ಛಾಯಾಚಿತ್ರಕ್ಕೆ ಲೋಹದ ಅಚ್ಚು ಕೊರೆಯಿಸಬೇಕು, ಅದನ್ನು ಬ್ಲಾಕ್ ಎನ್ನುತ್ತಿದ್ದರು; ಅದಕ್ಕೆ ಹೊತ್ತೂ ಹಣವೂ ಬೇಕಾದ್ದರಿಂದ ಅಭ್ಯರ್ಥಿಯ ಒಂದೇ ಮುಖ ಅದೇ ನಗೆಯೊಂದಿಗೆ ವಾರಗಟ್ಟಲೆ ಮರಳಿ ಮರಳಿ ಬರುತ್ತಿತ್ತು. ಚಿತ್ರಗಳು ವಿರಳವಾಗಿದ್ದುದರಿಂದ ಭಾರವೆಲ್ಲ ಮಾತಿನ ಮೇಲೆ ಬೀಳುತ್ತಿತ್ತು: ಎಂಟು ಕಲಮುಗಳಿಗೂ ಅಡ್ಡಲಾಗಿ ಹಾಯುವ ದಪ್ಪ ತಲೆಬರಹ, ಅದರ ಕೆಳಗೆ ಮೂರು ನಾಲ್ಕು ಉಪಶೀರ್ಷಿಕೆಗಳು, ಬಲಗಡೆ ಗೆರೆ ಎಳೆದ ಚೌಕಟ್ಟಿನಲ್ಲಿ ವಿವರಣೆ. ಆ ಚೌಕಟ್ಟಿನ ಸುದ್ದಿಯೇ ಈ ಬರಹದ ನಿಜವಾದ ವಸ್ತು.

ಮೊದಲ ನಾಲ್ಕು ಚುನಾವಣೆಗಳಲ್ಲಿ ಆ ಚೌಕಟ್ಟಿಗೆ ಹೆಚ್ಚು ಕೆಲಸವಿರಲಿಲ್ಲ. 1952 ಮತ್ತು 1957ರಲ್ಲಿ ರಾಜೇಂದ್ರ ಪ್ರಸಾದರ ಗೆಲುವು ಮೊದಲೇ ತಿಳಿದ ವಿಷಯ. 1962ರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಆಯ್ಕೆಯಾದಾಗ, ಅವರು 1918ರಿಂದ ಕೆಲವು ವರ್ಷ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರೆಂಬ ಅಭಿಮಾನ ಈ ಕಡೆಯ ಓದುಗರಲ್ಲಿತ್ತು. 1967ರಲ್ಲಿ ಜಾಕಿರ್ ಹುಸೇನರ ಎದುರು ನಿಲ್ಲಲು ಕೋಕಾ ಸುಬ್ಬರಾವ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಸ್ಥಾನವನ್ನೇ ಬಿಟ್ಟು ಬಂದದ್ದು ಮೊದಲ ಬಾರಿಗೆ ಸ್ಪರ್ಧೆಗೆ ಸ್ವಲ್ಪ ಬಿಸಿ ತಂದಿತು. ಜಾಕಿರ್ ಹುಸೇನರು 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಹಾಗೆ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿಯಾಗಿದ್ದ ವರಾಹಗಿರಿ ವೆಂಕಟಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಅಲ್ಲಿಂದ ಆಗಸ್ಟ್ ತಿಂಗಳ ಕೊನೆಯವರೆಗೆ ಮುಖಪುಟಕ್ಕೆ ಬಿಡುವೇ ಸಿಗಲಿಲ್ಲ.

ಆ ತಿಂಗಳುಗಳ ಸುದ್ದಿ ಕೋಲಾರ ಸೀಮೆಗೆ ದೆಹಲಿಯ ಸುದ್ದಿಯಾಗಿ ಉಳಿಯದಿರಲು ಕಾರಣಗಳಿದ್ದವು. ಕಾಂಗ್ರೆಸ್ಸಿನ ಅಖಿಲ ಭಾರತ ಸಮಿತಿ ಜುಲೈ ತಿಂಗಳಲ್ಲಿ ಸೇರಿದ್ದು ಬೆಂಗಳೂರಿನಲ್ಲಿ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಅಧಿಕಾರವಿದ್ದ ಪಾರ್ಲಿಮೆಂಟರಿ ಬೋರ್ಡು ಜುಲೈ 12ರಂದು ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಬಹುಮತದಿಂದ ಒಪ್ಪಿಕೊಂಡದ್ದೂ ಇದೇ ಬೆಂಗಳೂರಿನಲ್ಲಿ. ಮರುದಿನವೇ ಗಿರಿಯವರು ಪಕ್ಷೇತರರಾಗಿ ನಿಲ್ಲುವುದಾಗಿ ಘೋಷಿಸಿದರು. ಸಂಜೀವ ರೆಡ್ಡಿಯವರು ಅಂದಿನ ಕೋಲಾರ ಜಿಲ್ಲೆಯ ಗಡಿಗೆ ಅಂಟಿಕೊಂಡಿದ್ದ ಅನಂತಪುರ ಜಿಲ್ಲೆಯ ಇಲ್ಲೂರಿನವರು. ಗಿರಿಯವರು ಗಂಜಾಂ ಜಿಲ್ಲೆಯ ಬರಹಂಪುರದಲ್ಲಿ ಹುಟ್ಟಿದ ತೆಲುಗರು, ಅಲ್ಲದೆ 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಮನೆಮಾತು ತೆಲುಗಾಗಿದ್ದ ಕನ್ನಡ ಓದುಗನಿಗೆ ಇಬ್ಬರು ಮುಖ್ಯ ಅಭ್ಯರ್ಥಿಗಳೂ ಸಮೀಪದವರಾಗಿ ತೋರಿದ್ದು ಸಹಜ. ಶ್ರೀನಿವಾಸಪುರದ ರೈತರು ರೆಡ್ಡಿಯವರನ್ನು ನೆರೆಯ ಸೀಮೆಯವರೆಂದು ಮಾತಾಡಿಕೊಂಡರೆ, ಕಾರ್ಮಿಕ ಸಂಘಗಳ ಮುಂದಾಳಾಗಿ ಹೆಸರಾಗಿದ್ದ, 1954ರಲ್ಲಿ ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಸರ್ಕಾರ ತಿದ್ದಿದ್ದಕ್ಕಾಗಿ ಕೇಂದ್ರ ಕಾರ್ಮಿಕ ಸಚಿವನ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದ ಗಿರಿಯವರ ಹೆಸರು ಚಿನ್ನದ ಗಣಿಗಳ ಕಡೆಯಿಂದ ಬರುವವರ ಬಾಯಲ್ಲಿತ್ತು.

ಜುಲೈ ಮೂರನೆಯ ವಾರದ ಮುಖಪುಟಗಳ ಬಗ್ಗೆ ಸ್ವಲ್ಪ ನಿಂತು ಹೇಳುವುದು ಯುಕ್ತ. 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. 19ರ ಶನಿವಾರ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಆ ಹದಿನಾಲ್ಕರಲ್ಲಿದ್ದವು, ಮತ್ತು ಆ ಸುಗ್ರೀವಾಜ್ಞೆಗೆ, ಅಂದರೆ ಸಂಸತ್ತು ಸೇರದಿರುವಾಗ ರಾಷ್ಟ್ರಪತಿಯ ಸಹಿಯಿಂದ ಜಾರಿಗೆ ಬರುವ ಕಾನೂನಿಗೆ, ಅಂಕಿತ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿಯವರೇ. 20ರಂದು ಅವರು ಸ್ಪರ್ಧೆಗಾಗಿ ರಾಜೀನಾಮೆ ಕೊಟ್ಟರು, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಆ ಸ್ಥಾನದಲ್ಲಿ ಕುಳಿತರು. ಭಾರತದ ಲೆಕ್ಕದಲ್ಲಿ 21ರ ಬೆಳಗ್ಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಒಂದೇ ವಾರದಲ್ಲಿ ಇಷ್ಟೆಲ್ಲ ಸುದ್ದಿ ಒಂದೇ ಪುಟಕ್ಕೆ ಪೈಪೋಟಿ ನಡೆಸಿದಾಗ ರಾಷ್ಟ್ರಪತಿ ಚುನಾವಣೆ ಚಂದ್ರನ ಪಕ್ಕದಲ್ಲಿ ತನ್ನ ಜಾಗವನ್ನು ಉಳಿಸಿಕೊಂಡದ್ದು ಅಂದಿನ ಸುದ್ದಿಮನೆಗಳ ವಿವೇಕಕ್ಕೆ ಸಾಕ್ಷಿ. ಚಂದ್ರಯಾನದ ಬೆರಗು ಎಲ್ಲರಿಗೂ ತಾನಾಗಿ ತಿಳಿಯುವಂಥದು. ಹಂಗಾಮಿ ರಾಷ್ಟ್ರಪತಿಯೊಬ್ಬರು ಏಕೆ ರಾಜೀನಾಮೆ ಕೊಡಬೇಕು, ಅವರ ಜಾಗಕ್ಕೆ ನ್ಯಾಯಮೂರ್ತಿಯೊಬ್ಬರು ಹೇಗೆ ಬರುತ್ತಾರೆ ಎಂಬುದನ್ನು ಯಾರಾದರೂ ಬಿಡಿಸಿ ಹೇಳಲೇಬೇಕಾಗಿತ್ತು.

ಈ ಬರಹದ ಹಿಂದಿರುವ ನೆನಪು ಆ ವರ್ಷ ಮುಳಬಾಗಿಲಿನ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಹುಡುಗನೊಬ್ಬನದು. ಬಸ್ ನಿಲ್ದಾಣದ ಸಮೀಪದ ಕ್ಷೌರದ ಅಂಗಡಿಯಲ್ಲಿ ಒಂದೇ ಪತ್ರಿಕೆ ಹಾಳೆ ಹಾಳೆಯಾಗಿ ಬಿಡಿಸಿಕೊಂಡು ಹತ್ತಾರು ಕೈ ದಾಟುತ್ತಿತ್ತು, ಮತ್ತು ಮುಖಪುಟವಿದ್ದ ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಶಾಲೆ ಕಲಿಯುವ ಹುಡುಗರಿಗೆ ಬೀಳುತ್ತಿತ್ತು. ಓದಿದ್ದರ ಅರ್ಥ ಓದುವವನಿಗೂ ತಿಳಿಯದೆ ಹೋಗುವುದಿತ್ತು. ಆಗಸ್ಟ್ ಮೊದಲ ವಾರಗಳಲ್ಲಿ ಪ್ರತಿದಿನವೂ ಕಾಣುತ್ತಿದ್ದ ಎರಡನೆಯ ಪ್ರಾಶಸ್ತ್ಯದ ಮತ ಎಂಬ ಮಾತು ಅಂಥದು. "ಎರಡನೇ ಮತ ಅಂದ್ರೆ ಒಬ್ಬನೇ ಎರಡು ಸಲ ಹಾಕೋದಾ ಮೇಷ್ಟ್ರೇ?" ಎಂದು ಹಿರಿಯರೊಬ್ಬರು ಕೇಳಿದ್ದಕ್ಕೆ ಅಲ್ಲಿ ಕುಳಿತಿದ್ದ ಮೇಷ್ಟರು ಕೊಟ್ಟ ಉತ್ತರ ಈ ಸೀಮೆಗೆ ತಕ್ಕುದಾಗಿತ್ತು: "ಅಲ್ಲ ಕಣಣ್ಣ. ಶ್ರೀನಿವಾಸಪುರದ ಮಂಡಿಗೆ ಹೋಗೋನ ಕೈಯಾಗೆ ಚೀಟಿ ಕೊಡ್ತೀಯ, ಬಾದಾಮಿ ಹಣ್ಣು ತಾ, ಅದಿಲ್ದಿದ್ರೆ ರಸಪುರಿ ತಾ ಅಂತ. ದುಡ್ಡು ಒಂದೇ ಸಲದ್ದು." ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಎದುರು 1, 2, 3 ಎಂದು ತನ್ನ ಒಲವಿನ ಕ್ರಮವನ್ನು ಗುರುತಿಸುವುದು, ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವನನ್ನು ಕೈಬಿಟ್ಟು ಅವನಿಗೆ ಬಿದ್ದ ಮತಪತ್ರಗಳನ್ನು ಅವುಗಳಲ್ಲಿ ಗುರುತಿಸಿದ ಮುಂದಿನ ಹೆಸರಿಗೆ ವರ್ಗಾಯಿಸುವುದು, ಇದೇ ಏಕ ವರ್ಗಾವಣೀಯ ಮತ ಪದ್ಧತಿ. ಅದನ್ನು ಪತ್ರಿಕೆಯ ಚೌಕಟ್ಟು ಒಂದು ಭಾಷೆಯಲ್ಲಿ ಹೇಳಿತು, ಮೇಷ್ಟರು ಇನ್ನೊಂದರಲ್ಲಿ ಹೇಳಿದರು. ಪತ್ರಿಕೆ ಹೇಳದಿದ್ದರೆ ಮೇಷ್ಟರಿಗೆ ಹೇಳುವ ಸಂದರ್ಭವೇ ಒದಗುತ್ತಿರಲಿಲ್ಲ.

ಮತಮೌಲ್ಯದ ಲೆಕ್ಕವೂ ಹಾಗೆಯೇ. ರಾಷ್ಟ್ರಪತಿ ಚುನಾವಣೆಯಲ್ಲಿ ಒಬ್ಬ ಶಾಸಕನ ಮತಕ್ಕೆ ಒಂದು ಎಂಬ ಬೆಲೆಯಿಲ್ಲ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಸಿಗುವುದು ಆ ರಾಜ್ಯದ ಪ್ರತಿಯೊಬ್ಬ ಶಾಸಕನ ಮತದ ಮೌಲ್ಯ. 1961ರ ಜನಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ 2,35,86,772, ಶಾಸಕರು 216, ಭಾಗಿಸಿದರೆ 109. ಶಾಲೆಯ ಪಠ್ಯದ ಭಾಗಾಕಾರಕ್ಕೆ ಅಷ್ಟೇನೂ ಮನಸ್ಸು ಕೊಡದಿದ್ದ ಹುಡುಗರು ಈ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಿ ನೋಡಿದರು. ತಮ್ಮ ತಾಲ್ಲೂಕಿನಿಂದ ಗೆದ್ದು ಹೋದ ಒಬ್ಬ ಶಾಸಕ ವಿಧಾನಸೌಧದಲ್ಲಿ ಹಾಕುವ ಒಂದು ಚೀಟಿಯೊಳಗೆ ತಮ್ಮ ಊರಿನ ತಲೆಗಳ ಎಣಿಕೆಯೂ ಅಡಗಿದೆ ಎಂಬ ತಿಳಿವಳಿಕೆ, ಮತವಿಲ್ಲದವರಿಗೂ ಈ ಚುನಾವಣೆಯೊಡನೆ ಒಂದು ಸಂಬಂಧವನ್ನು ಕಲ್ಪಿಸಿತು. ಯಾವ ನಾಯಕನ ಭಾಷಣದಿಂದಲೂ ಅದು ಬಂದದ್ದಲ್ಲ, ಒಂದು ಕಲಮಿನ ಅಗಲದ ಚೌಕಟ್ಟಿನಿಂದ ಬಂದದ್ದು.

ಆ ಸ್ಪರ್ಧೆಯ ರಾಜಕೀಯವನ್ನೂ ಮುಖಪುಟ ಮರೆಮಾಡಲಿಲ್ಲ. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದ ಪ್ರಧಾನಿಯೇ, ಪಕ್ಷದ ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂಬ ನಿಲುವಿಗೆ ಬಂದರು. ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಕಟ್ಟಪ್ಪಣೆ, ಹೊರಡಲಿಲ್ಲ. ಇತ್ತ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ಮುಖಂಡರನ್ನು ಕಂಡು, ಅವರ ಬೆಂಬಲದಿಂದ ನಿಂತಿದ್ದ ಚಿಂತಾಮಣ ದೇಶಮುಖರ ಮತಪತ್ರಗಳಲ್ಲಿ ಎರಡನೆಯ ಪ್ರಾಶಸ್ತ್ಯ ರೆಡ್ಡಿಯವರಿಗೆ ಬರಲೆಂದು ಮಾತಾಡಿದರು. ವೀರೇಂದ್ರ ಪಾಟೀಲರ ಸರ್ಕಾರ ನಿಜಲಿಂಗಪ್ಪನವರ ಪಾಳೆಯದಲ್ಲಿದ್ದುದರಿಂದ ಬೆಂಗಳೂರಿನ ಪತ್ರಿಕೆಗಳಿಗೆ ಇದು ಮನೆಯೊಳಗಿನ ಜಗಳವೂ ಆಗಿತ್ತು. ವದಂತಿಗಳಿಗೂ ಮುಖಪುಟದಲ್ಲಿ ಜಾಗ ಸಿಕ್ಕಿತು. ಯಾವ ರಾಜ್ಯದ ಎಷ್ಟು ಮಂದಿ ಯಾವ ಕಡೆಗೆ ವಾಲಿದ್ದಾರೆಂಬ ಊಹೆಗಳು ದಿನಕ್ಕೊಂದು ಬಗೆಯಾಗಿ ಬಂದವು. ಇದನ್ನೂ ಹೇಳದೆ ಆ ಕಾಲವನ್ನು ಹೊಗಳಿದರೆ ನ್ಯಾಯವಾಗದು. ಆದರೆ ಊಹೆಯ ಪಕ್ಕದಲ್ಲಿ ನಿಯಮವೂ ಇರುತ್ತಿತ್ತು, ಓದುಗ ಒಂದನ್ನು ಇನ್ನೊಂದರಿಂದ ಅಳೆದು ನೋಡಬಹುದಾಗಿತ್ತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಕಣದಲ್ಲಿ ಹದಿನೈದು ಮಂದಿ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮೌಲ್ಯದ ಮತಗಳು ಬಂದವು. ಉಳಿದ ಹನ್ನೆರಡು ಮಂದಿಯದೆಲ್ಲ ಕೂಡಿದರೂ 8,505. ಗೆಲ್ಲಲು ಬೇಕಾಗಿದ್ದದ್ದು 4,18,169. ಗಿರಿಯವರು ಮುಂದಿದ್ದರೂ ಗೆದ್ದಿರಲಿಲ್ಲ. ಕೊನೆಯಿಂದ ಒಬ್ಬೊಬ್ಬರನ್ನೇ ಕೈಬಿಡುತ್ತ ಬಂದು ದೇಶಮುಖರ ಮತಪತ್ರಗಳನ್ನೂ ಹಂಚಿದ ಮೇಲೆ ಗಿರಿಯವರ ಮೊತ್ತ 4,20,077, ರೆಡ್ಡಿಯವರದು 4,05,427 ಆಯಿತು. ಈ ಅಂಕಿಗಳನ್ನು ಕೂಡಿಸಿ ಕಳೆದು ನೋಡಿದರೆ ಆ ಚುನಾವಣೆಯ ಕಥೆಯೇ ಸಿಗುತ್ತದೆ: ವರ್ಗಾವಣೆಯಿಂದ ರೆಡ್ಡಿಯವರಿಗೆ 91,879 ಸೇರಿತು, ಗಿರಿಯವರಿಗೆ ಸೇರಿದ್ದು 18,562 ಮಾತ್ರ, ನಿಜಲಿಂಗಪ್ಪನವರ ಮಾತುಕತೆ ಫಲ ಕೊಡಲಿಲ್ಲವೆಂದು ಹೇಳುವಂತಿಲ್ಲ, ಎರಡನೆಯ ಪ್ರಾಶಸ್ತ್ಯದ ಬಹುಪಾಲು ಅವರು ಬಯಸಿದ ಕಡೆಗೇ ಹೋಯಿತು, ಆದರೆ ಗಿರಿಯವರಿಗೆ ಬೇಕಾಗಿದ್ದದ್ದು ಇನ್ನು 16,654 ಅಷ್ಟೇ. ರೆಡ್ಡಿಯವರು ಸೋತದ್ದು ಮೊದಲ ಎಣಿಕೆಯಲ್ಲಿ, ತಮ್ಮ ಪಕ್ಷದವರೇ ಕೈಬಿಟ್ಟಾಗ. ಸೋಲು ಗೆಲುವನ್ನು ಜನ ಆಕಾಶವಾಣಿಯಿಂದ ಮೊದಲು ತಿಳಿದರು. ಅದು ಹೀಗೇಕಾಯಿತು ಎಂಬುದು ಪತ್ರಿಕೆ ಬಂದ ಮೇಲೆಯೇ ತಿಳಿದದ್ದು. ಇಂದಿಗೂ ಭಾರತದ ಯಾವ ರಾಷ್ಟ್ರಪತಿ ಚುನಾವಣೆಯಲ್ಲೂ ಎರಡನೆಯ ಪ್ರಾಶಸ್ತ್ಯದ ಎಣಿಕೆಯಿಂದ ಫಲಿತಾಂಶ ತೀರ್ಮಾನವಾದದ್ದು ಇನ್ನೊಮ್ಮೆ ನಡೆದಿಲ್ಲ.

ನವೆಂಬರಿನಲ್ಲಿ ಕಾಂಗ್ರೆಸ್ ಒಡೆದದ್ದು, ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ತಕರಾರು ಅರ್ಜಿಯ ವಿಚಾರಣೆಗೆ 1970ರಲ್ಲಿ ಸ್ವತಃ ರಾಷ್ಟ್ರಪತಿ ಸುಪ್ರೀಂ ಕೋರ್ಟಿಗೆ ಬಂದು ಸಾಕ್ಷ್ಯ ನುಡಿದದ್ದು, ಅರ್ಜಿ ವಜಾ ಆದದ್ದು, ಇವೆಲ್ಲ ಆ ಮುಖಪುಟಗಳ ಮುಂದುವರಿಕೆ. ಸುಮ್ಮನೆ ಸ್ಪರ್ಧಿಸುವವರನ್ನು ತಡೆಯಲು 1974ರಲ್ಲಿ ಕಾನೂನು ತಿದ್ದಿ, ಅಭ್ಯರ್ಥಿಗೆ ಹತ್ತು ಮಂದಿ ಸೂಚಕರೂ ಹತ್ತು ಮಂದಿ ಅನುಮೋದಕರೂ ಬೇಕೆಂದು ವಿಧಿಸಲಾಯಿತು. 1997ರಲ್ಲಿ ಅದು ಐವತ್ತಕ್ಕೆ ಏರಿತು.

ಮುಳಬಾಗಿಲಿನ ಓದುಗರ ಈ ಆಸಕ್ತಿಗೆ ಹಿನ್ನೆಲೆಯಾಗಿ ಡಿ.ವಿ. ಗುಂಡಪ್ಪನವರ ಹೆಸರನ್ನು ಎತ್ತದೆ ಇರಲಾಗದು. 1887ರಲ್ಲಿ ಈ ಊರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಪತ್ರಕರ್ತರಾಗಿ ಬೆಳೆದು, 1913ರಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿ, ವೃತ್ತಪತ್ರಿಕೆ ಎಂಬ ಪುಸ್ತಕವನ್ನೇ ಬರೆದ ಅವರು, ಮತದಾನದ ಹಕ್ಕು ಬಂದ ಮಾತ್ರಕ್ಕೆ ಪ್ರಜಾರಾಜ್ಯ ನಿಲ್ಲದು, ರಾಜ್ಯಯಂತ್ರ ಹೇಗೆ ನಡೆಯುತ್ತದೆಂಬ ತಿಳಿವಳಿಕೆ ಪ್ರಜೆಗೆ ದಿನದಿನವೂ ಒದಗಬೇಕು ಎಂಬ ನಂಬಿಕೆಯಿಂದ ಬಾಳಿದವರು. ಬೆಂಗಳೂರಿನಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಉದ್ದೇಶವೂ ಅದೇ. 1969ರಲ್ಲಿ ಅವರಿಗೆ 82 ವರ್ಷ. ಮುಳಬಾಗಿಲಿನಲ್ಲಿ ಕಗ್ಗದ ಕವಿಯಾಗಿ ಅವರನ್ನು ಬಲ್ಲವರು ಬಹಳ, ಪತ್ರಕರ್ತರಾಗಿ ಬಲ್ಲವರು ಕಡಿಮೆ. ಆದರೆ ಒಂದು ಕಲಮಿನ ಚೌಕಟ್ಟಿನಲ್ಲಿ ಸಂವಿಧಾನದ 55ನೆಯ ವಿಧಿಯನ್ನು ತಿಳಿಗನ್ನಡದಲ್ಲಿ ಬಿಡಿಸಿಟ್ಟ ಹೆಸರಿಲ್ಲದ ಉಪಸಂಪಾದಕರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಆ ಪತ್ರಕರ್ತನ ದಾರಿಯಲ್ಲೇ ನಡೆದವರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹಲವು ವರ್ಷ ಜೀವನ ಮಾಸಪತ್ರಿಕೆಯನ್ನು ನಡೆಸಿದ್ದನ್ನೂ ನೆನೆದರೆ, ಬರಗಾಲದ ಸೀಮೆಯೆಂದು ಹೆಸರಾದ ಈ ಜಿಲ್ಲೆ ಕನ್ನಡದ ಪತ್ರಿಕಾವೃತ್ತಿಗೆ ಕೊಟ್ಟದ್ದು ಸಣ್ಣದಲ್ಲ.

1974ರ ಆಗಸ್ಟಿನಲ್ಲಿ ಫಕ್ರುದ್ದೀನ್ ಅಲಿ ಅಹಮದ್ ಮತ್ತು ತ್ರಿದಿಬ್ ಚೌಧರಿಯವರ ನಡುವೆ ನಡೆದ ಚುನಾವಣೆಯನ್ನು ಅದೇ ಓದುಗರು ಬಹುತೇಕ ಮರೆತಿದ್ದಾರೆ. ಫಲಿತಾಂಶ ಮೊದಲೇ ಗೊತ್ತಿದ್ದುದರಿಂದ ಸುದ್ದಿ ಸಪ್ಪೆಯಾಗಿತ್ತು, ವಿವರಣೆಯ ಚೌಕಟ್ಟು ಕಾಣಲಿಲ್ಲ. ಒಂದು ವರ್ಷವೂ ತುಂಬುವ ಮೊದಲು, 1975ರ ಜೂನ್ 25ರ ರಾತ್ರಿ, ಆ ರಾಷ್ಟ್ರಪತಿಯ ಒಂದು ಸಹಿಯಿಂದ ತುರ್ತು ಪರಿಸ್ಥಿತಿ ಜಾರಿಗೆ ಬಂದಿತು ಮತ್ತು ಅದರ ಬೆನ್ನಿಗೆ ಮುಖಪುಟಗಳೇ ಸೆನ್ಸಾರ್ ಅಧಿಕಾರಿಯ ಕೈಗೆ ಸಿಕ್ಕವು. ಸ್ಪರ್ಧೆ ಬಿಗಿಯಾಗಿದ್ದರೆ ಮಾತ್ರ ಚುನಾವಣೆ ಸುದ್ದಿ ಎಂಬ ಅಳತೆ ಎಷ್ಟು ಅಪಾಯದ್ದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಬೇಕಿಲ್ಲ. ಆ ಸಹಿಯ ತೂಕವೇನು, ಮಂತ್ರಿಮಂಡಲದ ಸಲಹೆಯನ್ನು ರಾಷ್ಟ್ರಪತಿ ಎಷ್ಟರಮಟ್ಟಿಗೆ ಪ್ರಶ್ನಿಸಬಹುದು ಎಂಬ ಚರ್ಚೆ ನಡೆಯಬೇಕಾಗಿದ್ದದ್ದು ಹಿಂದಿನ ಆಗಸ್ಟಿನಲ್ಲಿ, ಅಭ್ಯರ್ಥಿಗಳು ಕಣದಲ್ಲಿದ್ದಾಗ.

1977ರ ಫೆಬ್ರವರಿ 11ರಂದು ಅಹಮದರು ತೀರಿಕೊಂಡಾಗ, ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಬಸಪ್ಪ ದಾನಪ್ಪ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಕನ್ನಡಿಗರೊಬ್ಬರು ರಾಷ್ಟ್ರಪತಿ ಭವನಕ್ಕೆ ಹೋದ ಸಂತೋಷ ಕನ್ನಡದ ಪತ್ರಿಕೆಗಳಲ್ಲಿ ತುಂಬಿತ್ತು. ಏಪ್ರಿಲ್ ಕೊನೆಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಸಲಹೆಗೆ ಸಹಿ ಹಾಕಲು ಅವರು ಸ್ವಲ್ಪ ತಡೆದಾಗ ಆ ಸಂತೋಷದ ಜೊತೆಗೆ ಸಂವಿಧಾನದ ಪ್ರಶ್ನೆಯೂ ಮುಖಪುಟಕ್ಕೆ ಮರಳಿತು. ಅದೇ ವರ್ಷದ ಜುಲೈಯಲ್ಲಿ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದರು. ಮೂವತ್ತೇಳು ಮಂದಿ ನಾಮಪತ್ರ ಸಲ್ಲಿಸಿದ್ದರೂ ಮೂವತ್ತಾರು ತಿರಸ್ಕೃತವಾಗಿ, ಅವಿರೋಧವಾಗಿ ಆಯ್ಕೆಯಾದ ಏಕೈಕ ರಾಷ್ಟ್ರಪತಿ ಅವರು. 1969ರಲ್ಲಿ ರೆಡ್ಡಿಯವರ ಸೋಲಿಗೆ ಮರುಗಿದ್ದ ಶ್ರೀನಿವಾಸಪುರದ ಹಿರಿಯರು ಎಂಟು ವರ್ಷಗಳ ತರುವಾಯ ಅದೇ ಮುಖವನ್ನು ಗೆಲುವಿನ ತಲೆಬರಹದ ಕೆಳಗೆ ನೋಡಿದರು.

ಅಮೆರಿಕದ ಅಧ್ಯಕ್ಷ ಚುನಾವಣೆ ಈ ಊರುಗಳ ಮುಖಪುಟಕ್ಕೆ ಬಂದ ಬಗೆ ಬೇರೆ. ಅಲ್ಲಿ ಅಭ್ಯರ್ಥಿಗಳು ತಿಂಗಳುಗಟ್ಟಲೆ ಊರೂರು ಸುತ್ತುತ್ತಾರೆ, ಪ್ರಜೆಗಳು ಮತ ಹಾಕುತ್ತಾರೆ, ಆದರೂ ತೀರ್ಮಾನಿಸುವುದು 538 ಮಂದಿಯ ಚುನಾಯಕ ಗಣ. 270 ಬಂದವರು ಗೆದ್ದಂತೆ. 1948ರಲ್ಲಿ ಷಿಕಾಗೋ ಡೈಲಿ ಟ್ರಿಬ್ಯೂನ್ ಪತ್ರಿಕೆ ಎಣಿಕೆ ಮುಗಿಯುವ ಮೊದಲೇ ಡ್ಯೂಯಿ ಗೆದ್ದರೆಂದು ಮುಖಪುಟದಲ್ಲಿ ಸಾರಿ, ನಿಜವಾಗಿ ಗೆದ್ದ ಟ್ರೂಮನ್ ಆ ಪ್ರತಿಯನ್ನು ಎತ್ತಿ ಹಿಡಿದು ತೋರಿಸಿದ ಛಾಯಾಚಿತ್ರ ಪ್ರಪಂಚದ ಸುದ್ದಿಮನೆಗಳಿಗೆಲ್ಲ ಪಾಠವಾಯಿತು. ಕೋಲಾರದ ಓದುಗನಿಗೆ ಅಂಥ ಅವಸರದ ತೊಂದರೆ ಇರಲಿಲ್ಲ: ಅಮೆರಿಕದಲ್ಲಿ ಮತದಾನ ಮುಗಿಯುವ ಹೊತ್ತಿಗೆ ಇಲ್ಲಿ ಮರುದಿನದ ಬೆಳಗು ಹರಿದಿರುತ್ತದೆ, ಪತ್ರಿಕೆ ಮನೆ ಸೇರಿರುತ್ತದೆ, ಫಲಿತಾಂಶ ಅಚ್ಚಾಗುವುದು ಅದರ ಮಾರನೆಯ ದಿನ. 2000ದಲ್ಲಿ ಫ್ಲಾರಿಡಾದ 537 ಮತಗಳ ಅಂತರದ ಮೇಲೆ ಬುಷ್ ಗೆದ್ದು, ದೇಶದಾದ್ಯಂತ ಹೆಚ್ಚು ಮತ ಪಡೆದ ಗೋರ್ ಸೋತಾಗ, ಆ ಚುನಾಯಕ ಗಣದ ವಿವರಣೆ ಕನ್ನಡದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದಿತು. ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಅಲ್ಲಿಗೆ ಹೋಗಿರುವ ಮನೆಗಳು ಕೋಲಾರದಲ್ಲೂ ಮಾಲೂರಿನಲ್ಲೂ ಈಗ ಇರುವುದರಿಂದ ಆ ಆಸಕ್ತಿಗೆ ಕಾರಣವಿದೆ. 2020ರಲ್ಲಿ ನವೆಂಬರ್ 3ರ ಮತದಾನದ ತೀರ್ಪು ನಾಲ್ಕು ದಿನ ತಡವಾದಾಗ ಅಲ್ಲಿನ ಒಂದೊಂದು ರಾಜ್ಯದ ಚುನಾಯಕರ ಸಂಖ್ಯೆ ಇಲ್ಲಿನ ಹುಡುಗರ ಬಾಯಲ್ಲಿತ್ತು. ಪೆನ್ಸಿಲ್ವೇನಿಯಾದ ಚುನಾಯಕರೆಷ್ಟು ಎಂದು ಹೇಳಬಲ್ಲ ವಿದ್ಯಾರ್ಥಿಗೆ ತನ್ನ ಶಾಸಕನ ಮತಮೌಲ್ಯ ಎಷ್ಟೆಂದು ತಿಳಿಯದಿರುವುದು ವಿದ್ಯಾರ್ಥಿಯ ತಪ್ಪಲ್ಲ.

ಆಫ್‌ಸೆಟ್ ಮುದ್ರಣ ಬಂದು, ಬಣ್ಣ ಬಂದು, ಕೋಲಾರಕ್ಕೇ ಪ್ರತ್ಯೇಕ ಪುಟಗಳು ಬಂದ ಮೇಲೆ ರಾಷ್ಟ್ರಪತಿ ಚುನಾವಣೆಯ ಮುಖಪುಟ ಹೆಚ್ಚು ಅಂದವಾಯಿತು. 2002ರಲ್ಲಿ ಅಬ್ದುಲ್ ಕಲಾಂ ಅವರ ಜೀವನಕಥೆಯನ್ನು ಪತ್ರಿಕೆಗಳು ಪ್ರೀತಿಯಿಂದ ಬರೆದವು. ಅವರ ಎದುರು ನಿಂತಿದ್ದ, ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರ ಬದುಕೂ ಅಷ್ಟೇ ದೊಡ್ಡದಾಗಿದ್ದರೂ ಅದಕ್ಕೆ ಸಿಕ್ಕ ಜಾಗ ಚಿಕ್ಕದು. 2022ರ ಜುಲೈಯಲ್ಲಿ ದ್ರೌಪದಿ ಮುರ್ಮು ಅವರು ಯಶವಂತ ಸಿನ್ಹಾ ಅವರ 3,80,177ಕ್ಕೆ ಎದುರಾಗಿ 6,76,803 ಮೌಲ್ಯದ ಮತಗಳಿಂದ ಗೆದ್ದು, ಬುಡಕಟ್ಟು ಸಮುದಾಯದಿಂದ ಬಂದ ಮೊದಲ ರಾಷ್ಟ್ರಪತಿಯಾದಾಗ ಒಡಿಶಾದ ಅವರ ಹಳ್ಳಿ ಉಪರಬೇಡದ ಚಿತ್ರ ಇಲ್ಲಿಯವರೆಗೂ ಬಂದಿತು, ಬರಬೇಕಾದದ್ದೇ. ಆದರೆ ಆ ಅಂಕಿಗಳು ಮೌಲ್ಯದ ಅಂಕಿಗಳು, ತಲೆಗಳ ಅಂಕಿಗಳಲ್ಲ ಎಂಬ ಒಂದು ವಾಕ್ಯ ಎಷ್ಟೋ ಕಡೆ ಬಿಟ್ಟುಹೋಗಿತ್ತು; ಐದು ಸಾವಿರಕ್ಕಿಂತ ಕಡಿಮೆ ಮಂದಿ ಮತ ಹಾಕುವ ಚುನಾವಣೆಯಲ್ಲಿ ಲಕ್ಷಗಳು ಎಲ್ಲಿಂದ ಬಂದವೆಂದು ಕೇಳುವ ಓದುಗನಿಗೆ ಉತ್ತರವಿರಲಿಲ್ಲ. ಕೆಲವು ದಿನ ಮುಖಪುಟವಿಡೀ ಜಾಹೀರಾತಿಗೆ ಹೋಗಿ ಸುದ್ದಿ ಒಳಪುಟಕ್ಕೆ ಸರಿಯುವುದು ಈಗಿನ ವಾಡಿಕೆ. ಹಣಕಾಸಿನ ಒತ್ತಡ ಅರ್ಥವಾಗುವಂಥದು. ಆದರೂ ಮತವಿಲ್ಲದ ಪ್ರಜೆ ತನ್ನ ಗಣರಾಜ್ಯದ ಮುಖ್ಯಸ್ಥನ ಆಯ್ಕೆಯನ್ನು ಕಾಣುವ ಒಂದೇ ಕಿಟಕಿ ಅದಾಗಿದ್ದರೆ, ಅದನ್ನು ಮುಚ್ಚುವ ಮುನ್ನ ಸಂಪಾದಕರು ಎರಡು ಸಲ ಯೋಚಿಸಬೇಕು ಎಂದು ಕೇಳುವ ಹಕ್ಕು ಹಳೆಯ ಓದುಗರಿಗೆ ಇದೆ.

ಜಿಲ್ಲೆಯ ಪುಟಗಳಿಗಂತೂ ಈ ಚುನಾವಣೆಯಲ್ಲಿ ತಮ್ಮದೇ ಆದ ಸುದ್ದಿಯಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾದ ಮೇಲೆ ಕೋಲಾರ ಜಿಲ್ಲೆಯಲ್ಲಿ ಉಳಿದಿರುವುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆಜಿಎಫ್ ಎಂಬ ಆರು ವಿಧಾನಸಭಾ ಕ್ಷೇತ್ರಗಳು. ಕರ್ನಾಟಕದ ಶಾಸಕನ ಮತಮೌಲ್ಯ ಇಂದು 131. ಆರು ಮಂದಿಯದು ಕೂಡಿದರೆ 786. ಈ 131 ಬಂದಿರುವುದು ಇಂದಿನ ಜನಸಂಖ್ಯೆಯಿಂದಲ್ಲ, 1971ರ ಜನಗಣತಿಯಿಂದ. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಹಳೆಯ ಅಂಕಿಗಳನ್ನೇ ಹಿಡಿಯಬೇಕೆಂದು ಸಂವಿಧಾನ ತಿದ್ದುಪಡಿ ಹೇಳುತ್ತದೆ. ಮುಂದಿನ ರಾಷ್ಟ್ರಪತಿ ಚುನಾವಣೆ 2027ರ ಜುಲೈ ಮುಗಿಯುವುದರೊಳಗೆ ನಡೆಯಬೇಕು. ಹೊಸ ಅಂಕಿಗಳು ಜಾರಿಗೆ ಬಂದ ದಿನ ಒಂದೊಂದು ರಾಜ್ಯದ ಮತದ ತೂಕವೂ ಬದಲಾಗುತ್ತದೆ, ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ದಕ್ಷಿಣದ ರಾಜ್ಯಗಳ ಪಾಲು ಕುಗ್ಗುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಆ ಲೆಕ್ಕವನ್ನು ಮಾಡಿ ತೋರಿಸಲು ಮುಖಪುಟದಲ್ಲಿ ಒಂದು ಕಲಮಿನ ಜಾಗ ಸಾಕು.